ಕೋಳಿ ಶೆಡ್ಡಿನ ಬೆಳಕಿಗೆ ಹೊಸ ಗಡಿಯಾರ: ಒಂದು ರಿಪೇರಿಯ ದಾಖಲೆ

ತಿಪಟೂರು ಸೀಮೆಯ ತೆಂಗಿನ ತೋಟದಲ್ಲಿ ನಮ್ಮ ಅಕ್ಕ, ಭಾವ ಇನ್ನೂರರಷ್ಟು ಮೊಟ್ಟೆ ಕೋಳಿ ಸಾಕಿದ್ದಾರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಸ್ವರ್ಣಧಾರಾ ತಳಿ, ಕಂದು ಮೊಟ್ಟೆ. ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಶೆಡ್ಡು; ನೆಲಕ್ಕೆ ಭತ್ತದ ಹೊಟ್ಟು, ಎರಡು ಬದಿಗೆ ಜಾಲರಿ. ಕಾರ್ತಿಕ ಮುಗಿಯುವ ಹೊತ್ತಿಗೆ ಅಲ್ಲಿ ಮೊಟ್ಟೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಫೀಡ್ ಬದಲಿಸಿದರು, ಜಂತುಹುಳುವಿನ ಔಷಧ ಕೊಟ್ಟರು. ಪಶುವೈದ್ಯರು ಬಂದು ನೋಡಿ ರೋಗವೇನೂ ಇಲ್ಲ ಎಂದರು. ಎಲೆಕ್ಟ್ರಾನಿಕ್ಸ್ ರಿಪೇರಿ ನನ್ನ ಕಸುಬು, ಹಕ್ಕಿಗಳ ಶರೀರಶಾಸ್ತ್ರ ಓದುವುದು ಬಹುಕಾಲದ ಆಸಕ್ತಿ. ಎರಡೂ ಒಟ್ಟಿಗೆ ಕೆಲಸಕ್ಕೆ ಬಂದ ರಿಪೇರಿ ಇದು. ಹೀಗೆ ಶೆಡ್ಡು ನಡೆಸುವವರು ನಮ್ಮಲ್ಲಿ ಬಹಳ ಜನ ಇರುವುದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೂರು ಲಕ್ಷಣಗಳು ನನ್ನ ಗಮನ ಸೆಳೆದವು. ಹೇಂಟೆಗಳ ಕತ್ತಿನ ಪುಕ್ಕ ಉದುರತೊಡಗಿತ್ತು, ಕೆಂಪಗೆ ಇರಬೇಕಾದ ಜುಟ್ಟು ಮಂಕಾಗಿ ಕುಗ್ಗಿತ್ತು. ಮೊದಲೆಲ್ಲ ಬೆಳಗಿನ ಹತ್ತು, ಹನ್ನೊಂದರೊಳಗೆ ಸಿಗುತ್ತಿದ್ದ ಮೊಟ್ಟೆ ಈಗ ಸಂಜೆಯವರೆಗೂ ಅಲ್ಲೊಂದು ಇಲ್ಲೊಂದು ಸಿಗುತ್ತಿತ್ತು. ಸಿಕ್ಕ ಮೊಟ್ಟೆಗಳಲ್ಲೂ ಕೆಲವಕ್ಕೆ ಕಂದು ಚಿಪ್ಪಿನ ಮೇಲೆ ಬಿಳಿ ಪುಡಿ ಮೆತ್ತಿಕೊಂಡಿತ್ತು. ಗಾಬರಿಗೊಂಡ ಕೋಳಿ ಇಡಬೇಕಾದ ಮೊಟ್ಟೆಯನ್ನು ಒಳಗೇ ತಡೆಹಿಡಿದಾಗ, ಚಿಪ್ಪಿನ ಬಣ್ಣದ ಮೇಲೆ ಸುಣ್ಣದ ಇನ್ನೊಂದು ಪದರ ಕೂರುತ್ತದೆ. ಮೊದಲ ಎರಡು ಲಕ್ಷಣಗಳು ಹಗಲಿನ ಅವಧಿಯ ಕಡೆಗೆ, ಮೂರನೆಯದು ಇರುಳಿನ ಗಾಬರಿಯ ಕಡೆಗೆ ಬೊಟ್ಟು ಮಾಡುತ್ತಿದ್ದವು. ಹಾಗಾಗಿ ಫೀಡಿನ ಚೀಲ ಬಿಟ್ಟು ಸ್ವಿಚ್ ಬೋರ್ಡಿನ ಬಳಿ ಹೋದೆ.

ಅಲ್ಲಿದ್ದದ್ದು ಸುತ್ತುವ ಬಿಲ್ಲೆಯ ಮೆಕ್ಯಾನಿಕಲ್ ಟೈಮರ್. ಬಿಲ್ಲೆಯ ಸುತ್ತ 96 ಪಿನ್ನುಗಳು, ಒಂದು ಪಿನ್ನಿಗೆ ಕಾಲು ಗಂಟೆ. ಬೆಳಗಿನ ಜಾವ 4:30ರಿಂದ 6:30, ಸಂಜೆ 6ರಿಂದ 8:30 ಎಂದು ಪಿನ್ನುಗಳನ್ನು ಸರಿಯಾಗಿಯೇ ಒತ್ತಿದ್ದರು. ಮೊಬೈಲಿನಲ್ಲಿ ಸಂಜೆ 5:20 ಆಗಿತ್ತು, ಬಿಲ್ಲೆಯ ಬಾಣ ಮಧ್ಯಾಹ್ನ ಒಂದರ ಬಳಿ ನಿಂತಿತ್ತು. ಇದರೊಳಗೆ ಇರುವುದು ಕರೆಂಟಿನ 50 ಹರ್ಟ್ಜ್ ಲಯಕ್ಕೆ ತಿರುಗುವ ಪುಟ್ಟ ಮೋಟಾರು. ಕರೆಂಟ್ ಹೋದಾಗ ಮೋಟಾರು ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ. ತೋಟದ ಲೈನಿನಲ್ಲಿ ದಿನಕ್ಕೆ ಎಷ್ಟು ಹೊತ್ತು ಕರೆಂಟ್ ಹೋಗುತ್ತದೋ ಅಷ್ಟು ಹೊತ್ತು ಅದು ಹಿಂದೆ ಬೀಳುತ್ತದೆ. "ತಿಂಗಳಿಗೊಮ್ಮೆ ನಾನೇ ಸರಿ ಮಾಡಿ ಇಡುತ್ತೇನೆ ಕಣಪ್ಪ, ಮತ್ತೆ ತಪ್ಪುತ್ತದೆ" ಎಂದರು ಭಾವ.

ಊಹೆಯ ಮೇಲೆ ರಿಪೇರಿ ಮಾಡುವುದು ನನಗೆ ಒಗ್ಗದು. ಬೆಳಕನ್ನು ಗುರುತಿಸುವ ಒಂದು ಎಲ್‌ಡಿಆರ್, ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಕರೆಂಟ್ ಹೋದರೂ ಸೆಲ್ಲಿನಿಂದ ಓಡುವ ಒಂದು ಡಿಎಸ್3231 ಗಡಿಯಾರ ಮಾಡ್ಯೂಲ್ ಸೇರಿಸಿ ಶೆಡ್ಡಿನ ನಡುಗಂಬಕ್ಕೆ ಕಟ್ಟಿ ಬಂದೆ. ಐದು ನಿಮಿಷಕ್ಕೊಂದು ಬಾರಿ ಬೆಳಕಿನ ಮಟ್ಟವನ್ನು ಒಂದು ಬೈಟಿನಲ್ಲಿ ಬರೆದರೆ, ಆ ಮಾಡ್ಯೂಲಿನ ಮೇಲೇ ಇರುವ 4 ಕಿಲೋಬೈಟಿನ ಸ್ಮೃತಿ ಹದಿನಾಲ್ಕು ದಿನ ಹಿಡಿಸುತ್ತದೆ. ಬಿಡಿಸಿ ನೋಡಿದಾಗ ಕೋಳಿಗಳ ದಿನಚರಿ ಗೋಜಲಾಗಿತ್ತು. ಸಂಜೆ ಆರರ ಸುಮಾರಿಗೆ ಕತ್ತಲು. ಹತ್ತು ಗಂಟೆ ದಾಟಿದ ಮೇಲೆ ಏಕಾಏಕಿ ದೀಪ. ಮಧ್ಯರಾತ್ರಿಯ ಆಚೀಚೆ ಮತ್ತೆ ಕತ್ತಲು. ಬೆಳಗಿನ ಪಾಳಿಯ ದೀಪ ಒಂಬತ್ತರ ಬಿಸಿಲಿನಲ್ಲಿ ಉರಿದು ವ್ಯರ್ಥವಾಗುತ್ತಿತ್ತು. ದೀಪದ ಹೊತ್ತಿಗೇ ಕರೆಂಟ್ ಇಲ್ಲದ ದಿನಗಳಲ್ಲಿ ಹಕ್ಕಿಗಳಿಗೆ ಸಿಕ್ಕಿದ್ದು ಮಾರ್ಗಶಿರದ ಹನ್ನೊಂದೂವರೆ ಗಂಟೆಯ ಹಗಲು ಮಾತ್ರ. ನಡುರಾತ್ರಿ ಕರೆಂಟ್ ಬಂದೂ ಹೋಗಿಯೂ ಆದಾಗ ಬೆಳಕು ಮೂರು ನಾಲ್ಕು ಬಾರಿ ಮಿಂಚಿದ ಗುರುತೂ ಇತ್ತು.

ಕೋಳಿಯ ದೇಹ ಇದನ್ನು ಹೇಗೆ ಓದುತ್ತದೆ?

ಹೊಸ ಸರ್ಕ್ಯೂಟಿನ ಪ್ರತಿಯೊಂದು ತೀರ್ಮಾನವೂ ಈ ಪ್ರಶ್ನೆಯ ಉತ್ತರದಿಂದ ಬಂದದ್ದು, ಆದ್ದರಿಂದ ಬೆಸುಗೆಗೆ ಮೊದಲು ಇದನ್ನು ಹೇಳಬೇಕು. ಕೆನಡಾದ ಎಡ್ಮಂಟನ್‌ನಲ್ಲಿ ವಿಲಿಯಂ ರೋವನ್ 1920ರ ದಶಕದಲ್ಲಿ ಜಂಕೋ ಎಂಬ ಪುಟ್ಟ ಹಕ್ಕಿಗಳನ್ನು ಹಿಮಗಾಲದ ಕೊರೆಯುವ ಚಳಿಯಲ್ಲಿ ಹೊರಾಂಗಣದ ಪಂಜರದಲ್ಲಿಟ್ಟು, ವಿದ್ಯುತ್ ಬಲ್ಬಿನಿಂದ ಹಗಲನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಉದ್ದ ಮಾಡಿದರು. ನಡುಚಳಿಗಾಲದಲ್ಲೇ ಅವುಗಳ ವೃಷಣಗಳು ವಸಂತದಲ್ಲಿ ಬೆಳೆಯುವಂತೆ ಬೆಳೆದವು. ಹಕ್ಕಿಯ ದೇಹ ಋತುವನ್ನು ಅಳೆಯುವುದು ಮುಖ್ಯವಾಗಿ ಹಗಲಿನ ಉದ್ದದಿಂದ ಎಂದು ಅಲ್ಲಿಂದ ಗೊತ್ತಾಯಿತು. ಮುಂದಿನ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ ಬಾತುಕೋಳಿಗಳಲ್ಲಿ ಇನ್ನೂ ಅಚ್ಚರಿಯ ಸಂಗತಿ ಕಂಡರು: ಕಣ್ಣಿಲ್ಲದ ಬಾತುಗಳೂ ಬೆಳಕಿಗೆ ಹೀಗೆಯೇ ಸ್ಪಂದಿಸುತ್ತವೆ. ಬೆಳಕು ತಲೆಬುರುಡೆಯ ಮೂಲಕವೇ ಇಳಿದು ಮಿದುಳಿನ ಹೈಪೋಥಾಲಮಸ್ ಭಾಗದ ಬೆಳಕುಗ್ರಾಹಿ ಕೋಶಗಳನ್ನು ಮುಟ್ಟುತ್ತದೆ. ಆ ಕೋಶಗಳಲ್ಲಿನ ಆಪ್ಸಿನ್ ಪ್ರೋಟೀನುಗಳಲ್ಲಿ ಹಲವನ್ನು ಈಗ ಗುರುತಿಸಿದ್ದಾರೆ. ಚರ್ಮ, ಮೂಳೆಗಳನ್ನು ದಾಟುವುದರಲ್ಲಿ ಕೆಂಪಿನ ಕಡೆಯ ಬೆಳಕು ನೀಲಿಗಿಂತ ಮುಂದೆ. ನಾನು ಬೆಚ್ಚಗಿನ ಹಳದಿ ಎಲ್‌ಇಡಿ ಆರಿಸಿದ್ದಕ್ಕೆ ಇದೇ ಕಾರಣ.

ಒಳಗಿನ ಸರಪಳಿ ಹೀಗಿದೆ. ಹಗಲು ಸಾಕಷ್ಟು ಉದ್ದವಾದ ದಿನ ಪಿಟ್ಯುಟರಿ ಗ್ರಂಥಿಯ ತೊಟ್ಟಿನ ಭಾಗದಲ್ಲಿ ಟಿಎಸ್‌ಎಚ್ ಹಾರ್ಮೋನು ಹೆಚ್ಚುತ್ತದೆ. ಅದು ಪಕ್ಕದ ಹೈಪೋಥಾಲಮಸ್ಸಿನಲ್ಲಿ ಒಂದು ಕಿಣ್ವವನ್ನು ಎಚ್ಚರಿಸುತ್ತದೆ. ಆ ಕಿಣ್ವ ಥೈರಾಯ್ಡ್ ಹಾರ್ಮೋನಿನ ಟಿ4 ರೂಪವನ್ನು ಚುರುಕಾದ ಟಿ3 ರೂಪಕ್ಕೆ ತಿರುಗಿಸುತ್ತದೆ. ಅಲ್ಲಿಂದ ಜಿಎನ್‌ಆರ್‌ಎಚ್ ಎಂಬ ಮಿದುಳಿನ ಹಾರ್ಮೋನು ಬಿಡುಗಡೆಯಾಗಿ, ಪಿಟ್ಯುಟರಿಯಿಂದ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ, ಅಂಡಾಶಯವನ್ನು ಎಚ್ಚರಿಸುವ ಹಾರ್ಮೋನುಗಳು ರಕ್ತಕ್ಕೆ ಇಳಿಯುತ್ತವೆ. ಅಂಡಾಶಯ ಎಚ್ಚೆತ್ತು ಈಸ್ಟ್ರೊಜೆನ್ ಸ್ರವಿಸುತ್ತದೆ. ಅದರ ಅಪ್ಪಣೆಯಂತೆ ಯಕೃತ್ತು ಮೊಟ್ಟೆಯ ಹಳದಿ ಭಾಗದ ಕಚ್ಚಾ ವಸ್ತುವನ್ನು ತಯಾರಿಸುತ್ತದೆ, ಮೂಳೆಯೊಳಗೆ ಚಿಪ್ಪಿಗೆಂದು ಕ್ಯಾಲ್ಸಿಯಂ ಶೇಖರವಾಗುತ್ತದೆ. ಜಪಾನಿನ ನಗೋಯಾದಲ್ಲಿ ತಕಾಶಿ ಯೋಶಿಮುರ ಅವರ ತಂಡ 2003 ಮತ್ತು 2008ರಲ್ಲಿ ಕ್ವೇಲ್ ಹಕ್ಕಿಗಳಲ್ಲಿ ಈ ಕೊಂಡಿಗಳನ್ನು ಬಿಡಿಸಿ ತೋರಿಸಿತು. ಅವರ ಕ್ವೇಲ್‌ಗಳಲ್ಲಿ ಟಿಎಸ್‌ಎಚ್ ಏರಿದ್ದು ಮೊದಲ ಉದ್ದ ಹಗಲಿನ ಬೆಳಗಾಗಿ ಸುಮಾರು 14 ಗಂಟೆಗಳ ಹೊತ್ತಿಗೆ. ಒಂದೇ ದಿನದಲ್ಲಿ!

ಆ ಹದಿನಾಲ್ಕು ಗಂಟೆ ಎಂಬುದು ನನ್ನ ರಿಪೇರಿಗೆ ಬಹಳ ಮುಖ್ಯ. ಹಕ್ಕಿ ಬೆಳಕಿನ ಗಂಟೆಗಳನ್ನು ಕೂಡಿ ಲೆಕ್ಕ ಹಾಕುವುದಿಲ್ಲ. ತನ್ನ ಒಳಗಡಿಯಾರದ ಒಂದು ನಿರ್ದಿಷ್ಟ ಹೊತ್ತಿನಲ್ಲಿ ಬೆಳಕು ಇದೆಯೇ ಎಂದು ನೋಡುತ್ತದೆ. 1963ರಲ್ಲಿ ಅಮೆರಿಕದ ವಿಲಿಯಂ ಹ್ಯಾಮ್ನರ್ ಹೌಸ್ ಫಿಂಚ್ ಹಕ್ಕಿಗಳಿಗೆ ಪ್ರತಿ ಸಲ ಆರೇ ಗಂಟೆ ಬೆಳಕು ಕೊಟ್ಟು ಕತ್ತಲಿನ ಅವಧಿಯನ್ನು ಬದಲಿಸುತ್ತ ಹೋದರು. 24 ಅಥವಾ 48 ಗಂಟೆಗೊಮ್ಮೆ ಬೆಳಕು ಬಂದಾಗ ವೃಷಣ ಬೆಳೆಯಲಿಲ್ಲ, 36 ಅಥವಾ 60 ಗಂಟೆಗೊಮ್ಮೆ ಬಂದಾಗ ಬೆಳೆಯಿತು. ಒಟ್ಟು ಬೆಳಕು ಕಡಿಮೆಯಾದರೂ ಅದು ಬಿದ್ದ ಹೊತ್ತು ಸರಿಯಾಗಿತ್ತು. ಶೆಡ್ಡಿನಲ್ಲಿ ಐದಾರು ಬಲ್ಬು ಹೆಚ್ಚಿಗೆ ಹಾಕಿದರೆ ಮೊಟ್ಟೆ ಬರುತ್ತದೆ ಎಂದು ನಂಬುವವರಿಗೆ ನಾನು ಮೊದಲು ಹೇಳುವುದು ಈ ಪ್ರಯೋಗವನ್ನೇ.

ನಮ್ಮ ಅಕ್ಷಾಂಶದಲ್ಲಿ ಹಗಲು ಅಷ್ಟೇನು ಬದಲಾಗುತ್ತದೆ ಎಂದು ಭಾವ ಕೇಳಿದರು. ತಿಪಟೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆಯ ಅಂತರ. ಪನಾಮಾದ ಕಾಡಿನ ಆ್ಯಂಟ್‌ಬರ್ಡ್ ಎಂಬ ಹಕ್ಕಿ ಹದಿನೇಳು ನಿಮಿಷದಷ್ಟು ಸಣ್ಣ ಹೆಚ್ಚಳವನ್ನೂ ಗುರುತಿಸಿ ಸಂತಾನಕ್ಕೆ ಸಿದ್ಧವಾಗುತ್ತದೆ ಎಂದು 1998ರಲ್ಲಿ ತೋರಿಸಿಕೊಟ್ಟಿದ್ದಾರೆ. ಅದು ನಮಗಿಂತಲೂ ಭೂಮಧ್ಯರೇಖೆಗೆ ಹತ್ತಿರದ ಹಕ್ಕಿ. ಕೋಳಿ ಅಷ್ಟು ಸೂಕ್ಷ್ಮವಲ್ಲ, ನಿಜ. ಆದರೆ ಹದಿನಾರು ಗಂಟೆಯ ಹಗಲು ಉಂಡ ಕೋಳಿಗೆ ಏಕಾಏಕಿ ಹನ್ನೊಂದೂವರೆ ಕೊಟ್ಟರೆ ಋತು ಮುಗಿಯಿತೆಂದೇ ಅದರ ದೇಹ ತಿಳಿಯುತ್ತದೆ. ಅಂಡಾಶಯ ಕುಗ್ಗುತ್ತದೆ, ಪುಕ್ಕ ಉದುರುತ್ತದೆ.

ಇನ್ನು ಒತ್ತಡದ ಹಾರ್ಮೋನು. ಹಕ್ಕಿಗಳಲ್ಲಿ ಅದು ಕಾರ್ಟಿಕೊಸ್ಟೆರೋನ್, ಅಡ್ರಿನಲ್ ಗ್ರಂಥಿಯಿಂದ ಬರುತ್ತದೆ. ಅದನ್ನು ಬರಿಯ ವಿಷವೆಂದು ತಿಳಿಯಬಾರದು. ದಿನದ ಲಯದಲ್ಲಿ ಅದು ಏಳುವ ಹೊತ್ತಿನ ಆಸುಪಾಸಿನಲ್ಲಿ ಏರಿ ಹಕ್ಕಿಯನ್ನು ಕೆಲಸಕ್ಕೆ ಅಣಿಗೊಳಿಸುತ್ತದೆ. ಹಲವು ಕಾಡುಹಕ್ಕಿಗಳಲ್ಲಿ ಸಂತಾನದ ಋತುವಿನಲ್ಲಿ ಅದರ ಮಟ್ಟ ಎತ್ತರದಲ್ಲಿದ್ದು, ಪುಕ್ಕ ಉದುರಿ ಮೊಳೆಯುವ ಕಾಲದಲ್ಲಿ ತೀರಾ ತಗ್ಗಿರುತ್ತದೆ. ಅದು ಹೆಚ್ಚಿದರೆ ಹೊಸ ಪುಕ್ಕಕ್ಕೆ ಬೇಕಾದ ಪ್ರೋಟೀನಿಗೆ ಕುತ್ತು. ಕೆಡುಕು ಆಗುವುದು ಹೊತ್ತಲ್ಲದ ಹೊತ್ತಿನಲ್ಲಿ ಪದೇ ಪದೇ ಉಕ್ಕಿದಾಗ. 2000ದಲ್ಲಿ ಕಾಜುಯೋಶಿ ಸುತ್ಸುಯಿ ಅವರ ತಂಡ ಕ್ವೇಲ್ ಮಿದುಳಿನಲ್ಲಿ ಜಿಎನ್‌ಐಎಚ್ ಎಂಬ ತಡೆಹಾರ್ಮೋನನ್ನು ಕಂಡುಹಿಡಿಯಿತು. ಅದು ಎಲ್‌ಎಚ್ ಬಿಡುಗಡೆಯನ್ನು ತಗ್ಗಿಸುತ್ತದೆ. ಇರುಳಿನಲ್ಲಿ ಸ್ರವಿಸುವ ಮೆಲಟೊನಿನ್ ಈ ಜಿಎನ್‌ಐಎಚ್ ಅನ್ನು ಹೆಚ್ಚಿಸುತ್ತದೆ; ಕಾರ್ಟಿಕೊಸ್ಟೆರೋನ್ ಕೂಡ ಹೆಚ್ಚಿಸುತ್ತದೆ ಎಂದು ಕ್ವೇಲ್‌ಗಳಲ್ಲೇ ಮುಂದೆ ಗೊತ್ತಾಯಿತು. ಉದ್ದ ಇರುಳು ಮತ್ತು ಗಾಬರಿ ಎರಡೂ ಒಂದೇ ಬಾಗಿಲಿಗೆ ಬಂದು ಮೊಟ್ಟೆಯನ್ನು ತಡೆಯುತ್ತವೆ. ಅಕ್ಕನ ಶೆಡ್ಡಿನಲ್ಲಿ ಆ ಟೈಮರ್ ಎರಡನ್ನೂ ಒಟ್ಟಿಗೆ ಉಣಬಡಿಸುತ್ತಿತ್ತು.

ಮೊಟ್ಟೆಯ ಹೊತ್ತು ಚದುರಿದ್ದಕ್ಕೂ ಉತ್ತರ ಇಲ್ಲೇ ಇದೆ. ಹೇಂಟೆಯಲ್ಲಿ ಅಂಡ ಬಿಡುಗಡೆಗೆ ನಾಲ್ಕರಿಂದ ಆರು ಗಂಟೆ ಮೊದಲು ಎಲ್‌ಎಚ್ ಉಕ್ಕಬೇಕು. ಆ ಉಕ್ಕಿಗೆ ಇರುಳಿನ ಎಂಟು ಹತ್ತು ಗಂಟೆಗಳಷ್ಟೇ ಅವಕಾಶ, ಆ ಅವಧಿಯನ್ನು ನಿಗದಿ ಮಾಡುವುದು ಮುಖ್ಯವಾಗಿ ಕತ್ತಲು ಕವಿಯುವ ವೇಳೆ. ಕತ್ತಲು ದಿನಕ್ಕೊಂದು ಹೊತ್ತಿಗೆ ಬಂದರೆ ಮೊಟ್ಟೆಯೂ ದಿನಕ್ಕೊಂದು ಹೊತ್ತಿಗೆ.

ಕಟ್ಟಿದ ಬಗೆ

ಹೊಸ ವ್ಯವಸ್ಥೆಗೆ ಎರಡು ಗುರಿ: ಕರೆಂಟ್ ಹೋದರೂ ವೇಳೆ ತಪ್ಪಬಾರದು, ದೀಪ ಹಠಾತ್ತನೆ ಹೊತ್ತಬಾರದು, ಹಠಾತ್ತನೆ ಆರಬಾರದು.

ವೇಳೆಗೆ ಡಿಎಸ್3231 ಸಾಕು. 0ಯಿಂದ 40 ಡಿಗ್ರಿಯವರೆಗೆ ಅದರ ತಪ್ಪು ಹತ್ತು ಲಕ್ಷಕ್ಕೆ ಎರಡು ಭಾಗ, ಅಂದರೆ ವರ್ಷಕ್ಕೆ ಸುಮಾರು ಒಂದು ನಿಮಿಷ. ಅಗ್ಗದ ಮಾಡ್ಯೂಲು ಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಅದರಲ್ಲಿ ನಾಣ್ಯದಂಥ ಸೆಲ್ಲಿಗೆ ಚಾರ್ಜ್ ಹರಿಸುವ ಒಂದು ಡಯೋಡ್ ಮತ್ತು 200 ಓಮಿನ ರೆಸಿಸ್ಟರ್ ಇರುತ್ತದೆ. ಚಾರ್ಜ್ ಆಗುವ ಸೆಲ್ಲಿಗೆ ಅದು ಸರಿ. ನಾವು ಅಂಗಡಿಯಲ್ಲಿ ಕೊಳ್ಳುವ ಸಾಮಾನ್ಯ ಸಿಆರ್2032 ಚಾರ್ಜ್ ಮಾಡುವಂಥದ್ದಲ್ಲ. 5 ವೋಲ್ಟಿನಲ್ಲಿ ಓಡಿಸಿದರೆ ಉಬ್ಬುತ್ತದೆ. ಆ ರೆಸಿಸ್ಟರನ್ನು ಬೆಸುಗೆ ಕಡ್ಡಿಯಿಂದ ಎತ್ತಿ ತೆಗೆದೆ.

ವಿದ್ಯುತ್ತಿಗೆ 12 ವೋಲ್ಟ್, 26 ಆ್ಯಂಪಿಯರ್-ಅವರ್ ಬ್ಯಾಟರಿ, ಮಾಡಿನ ಮೇಲೆ 50 ವ್ಯಾಟಿನ ಸೌರ ಫಲಕ, ನಡುವೆ ಚಾರ್ಜ್ ಕಂಟ್ರೋಲರ್. ತೋಟದ ಲೈನಿನ ಸಂಬಂಧವನ್ನೇ ಕಡಿದೆ. ಮೂವತ್ತೇಳು ಚದರ ಮೀಟರಿನ ಶೆಡ್ಡಿನಲ್ಲಿ ಕೋಳಿಯ ತಲೆಯ ಮಟ್ಟಕ್ಕೆ 20 ಲಕ್ಸ್ (ಬೆಳಕಿನ ಅಳತೆ) ಸಿಗಲು 18 ವ್ಯಾಟಿನಷ್ಟು ಎಲ್‌ಇಡಿ ಸಾಕಾಯಿತು, ಅಂದರೆ ಒಂದೂವರೆ ಆ್ಯಂಪಿಯರ್. ದಿನಕ್ಕೆ ಐದೂವರೆ ಗಂಟೆ ಉರಿದರೆ ಎಂಟು ಆ್ಯಂಪಿಯರ್-ಅವರ್ ಚಿಲ್ಲರೆ. ಮೋಡದ ದಿನವನ್ನೂ ದಾಟಬಹುದು. ಬ್ಯಾಟರಿಯ ತುದಿಯಲ್ಲೇ ಒಂದು ಫ್ಯೂಸ್ ಹಾಕಿದ್ದೇನೆ. ಹೊಟ್ಟಿನ ನೆಲ, ಮರದ ಗಳ ಇರುವ ಜಾಗದಲ್ಲಿ ಅದಿಲ್ಲದೆ ಕೆಲಸ ಮಾಡಬಾರದು.

ದೀಪದ ಆಯ್ಕೆಯಲ್ಲಿ ತುಸು ಅಲೆದಾಡಿದೆ. 12 ವೋಲ್ಟಿನ ಎಲ್‌ಇಡಿ ಬಲ್ಬುಗಳ ಒಳಗೆ ತಮ್ಮದೇ ಡ್ರೈವರ್ ಸರ್ಕ್ಯೂಟ್ ಇರುತ್ತದೆ, ಹೊರಗಿನಿಂದ ಮಂದಗೊಳಿಸಲು ಹೋದರೆ ಮಿನುಗುತ್ತವೆ. ಅಂಗಡಿ ಬೋರ್ಡುಗಳಿಗೆ ಹಾಕುವ, ಮೂರು ಎಲ್‌ಇಡಿ ಮತ್ತು ಒಂದು ರೆಸಿಸ್ಟರ್ ಇರುವ ನೀರು ಹೋಗದ ಮಾಡ್ಯೂಲುಗಳು ಇದಕ್ಕೆ ಹೇಳಿ ಮಾಡಿಸಿದವು. ಧೂಳು, ಅಮೋನಿಯದ ಘಾಟು ಎರಡನ್ನೂ ತಡೆಯುತ್ತವೆ. ಅಲ್ಯೂಮಿನಿಯಂ ಪಟ್ಟಿಗಳಿಗೆ ಅಂಟಿಸಿ, ಅಡ್ಡಗಳೆಗಳ ಮೇಲೂ ಮೇವಿನ ತೊಟ್ಟಿಗಳ ಮೇಲೂ ಸಮನಾಗಿ ಬೀಳುವಂತೆ ತೂಗುಹಾಕಿದೆ. ಮೊಟ್ಟೆಯಿಡುವ ಪೆಟ್ಟಿಗೆಗಳ ಮೇಲೆ ಮಾತ್ರ ಬೇಕೆಂದೇ ನೆರಳು ಬಿಟ್ಟಿದ್ದೇನೆ. ಹೇಂಟೆಗೆ ಅಲ್ಲಿ ಮಬ್ಬು ಬೇಕು. ವೈರು 2.5 ಚದರ ಮಿಲಿಮೀಟರಿನದು, ಕೊನೆಯ ಪಟ್ಟಿಯೂ ಮೊದಲಿನದರಷ್ಟೇ ಬೆಳಗಲಿ ಎಂದು.

ಮಂದಗೊಳಿಸುವ ಕೆಲಸ ಎಲೆಕ್ಟ್ರಾನಿಕ್ ಸ್ವಿಚ್ಚಿನಂತೆ ವರ್ತಿಸುವ ಐಆರ್‌ಎಲ್‌ಝಡ್44ಎನ್ ಮಾಸ್ಫೆಟ್‌ನದು. ನ್ಯಾನೊದ 5 ವೋಲ್ಟಿಗೇ ಪೂರ್ತಿ ತೆರೆದುಕೊಳ್ಳುವ ಜಾತಿ ಇದು. ಐಆರ್‌ಎಫ್540 ಎಂಬ ಬೇರೆ ಮಾಸ್ಫೆಟ್ ಹಾಕಿದರೆ ಅರೆಬರೆ ತೆರೆದು ಬಿಸಿಯಾಗುತ್ತದೆ. ಅದನ್ನು ನಿಯಂತ್ರಿಸುವ ಗೇಟ್ ಎಂಬ ಕಾಲಿಗೆ 220 ಓಮಿನ ರೆಸಿಸ್ಟರ್, ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್: ನ್ಯಾನೊ ರೀಸೆಟ್ ಆಗುವ ಕ್ಷಣದಲ್ಲೂ ದೀಪ ತಾನಾಗಿ ಹೊತ್ತುವುದಿಲ್ಲ. ಬ್ಯಾಟರಿಯಿಂದ ನ್ಯಾನೊಗೆ, ವೋಲ್ಟೇಜ್ ಇಳಿಸುವ ಎಲ್‌ಎಂ2596 ಮಾಡ್ಯೂಲ್ 5 ವೋಲ್ಟ್ ಕೊಡುತ್ತದೆ.

ದೀಪವನ್ನು ಅತಿ ವೇಗವಾಗಿ ಹೊತ್ತಿಸಿ ಆರಿಸಿಯೇ ಮಂದಗೊಳಿಸುವುದು; ಆ ಪಲ್ಸ್‌ಗಳ ವೇಗದ ಬಗ್ಗೆ ಒಂದು ಮಾತು. ನ್ಯಾನೊ ತಾನಾಗಿ ಕೊಡುವುದು 490 ಹರ್ಟ್ಜ್, ಬೆಳಕಿಗೆ 256 ಮೆಟ್ಟಿಲು. ಕೋಳಿಯ ಕಣ್ಣು ಮಿನುಗನ್ನು ನಮ್ಮ ಕಣ್ಣಿಗಿಂತ ಚೆನ್ನಾಗಿ ಹಿಡಿಯುತ್ತದೆ. ಕನಿಷ್ಠ ಬೆಳಕಿನಲ್ಲಿ 256 ಮೆಟ್ಟಿಲುಗಳ ಒಂದೊಂದು ಹೆಜ್ಜೆಯೂ ಎದ್ದು ಕಾಣುತ್ತದೆ. ನ್ಯಾನೊದ ಚಿಪ್‌ನೊಳಗಿನ ಟೈಮರ್ 1 ಅನ್ನು ಹತ್ತು ಬಿಟ್ಟಿಗೆ, ವೇಗ ತಗ್ಗಿಸುವ ಪ್ರಿಸ್ಕೇಲರ್ ಇಲ್ಲದೆ ಹೊಂದಿಸಿದೆ: ಸುಮಾರು 7.8 ಕಿಲೋಹರ್ಟ್ಜ್, 1023 ಹೆಜ್ಜೆ. ಹೆಜ್ಜೆಗಳನ್ನು ಸಮನಾಗಿ ಹಂಚದೆ ವರ್ಗದ (ಸಂಖ್ಯೆಯನ್ನು ಅದರಿಂದಲೇ ಗುಣಿಸುವ) ಲೆಕ್ಕದಲ್ಲಿ ಹಂಚಿದ್ದರಿಂದ ಮಬ್ಬಿನ ಕೊನೆಯ ಭಾಗ ನಿಧಾನವಾಗಿ ಇಳಿಯುತ್ತದೆ. ಇಳಿಯಲು ಅರ್ಧ ಗಂಟೆ ಇಟ್ಟಿದ್ದೇನೆ, ಏರಲು ಕಾಲು ಗಂಟೆ. ಮುಸ್ಸಂಜೆ ಸಿಕ್ಕರೆ ಕೋಳಿಗಳು ತಾವಾಗಿ ಗಳೆ ಹತ್ತುತ್ತವೆ. ಥಟ್ಟನೆ ಕತ್ತಲಾದರೆ ನೆಲದಲ್ಲೇ ಮೂಲೆಗೆ ಒತ್ತಿಕೊಂಡು ಒಂದರ ಮೇಲೊಂದು ಬೀಳುತ್ತವೆ. ಬಿಳಿ ಪುಡಿಯ ಮೊಟ್ಟೆಗಳು ಹುಟ್ಟುತ್ತಿದ್ದದ್ದು ಅಂಥ ರಾತ್ರಿಗಳಲ್ಲೇ ಎಂದು ನನ್ನ ನಂಬಿಕೆ.

ಪ್ರೋಗ್ರಾಮಿನಲ್ಲಿ ಇನ್ನೆರಡು ಕಾವಲು ಇವೆ. ಬ್ಯಾಟರಿ 11.8 ವೋಲ್ಟಿಗಿಂತ ಇಳಿದರೆ ದೀಪ ಅರ್ಧಕ್ಕೆ ತಗ್ಗುತ್ತದೆ, ಇನ್ನೂ ಇಳಿದರೆ ಮುಸ್ಸಂಜೆಯ ವೇಗದಲ್ಲೇ ಆರುತ್ತದೆ. ಗಡಿಯಾರದ ಚಿಪ್ ನಿಂತಿತ್ತೆಂದು ಅದರ ಒಳಗಿನ ಗುರುತು ಹೇಳಿದರೆ ಬಝರ್ ಕೂಗುತ್ತದೆ. ಸದ್ದು ಕೋಳಿಗಳನ್ನು ಬೆದರಿಸದಂತೆ ಬಝರನ್ನು ಮನೆಯ ಜಗಲಿಗೆ ಎಳೆದಿದ್ದೇನೆ.

ಅಳವಡಿಸುವಾಗ ಒಂದು ನಿಯಮ ಪಾಲಿಸಿದೆವು: ಹಕ್ಕಿಗಳು ಹೊರಗಿನ ಬೇಲಿಯಲ್ಲಿ ಮೇಯುವ ಹೊತ್ತಿನಲ್ಲಷ್ಟೇ ಶೆಡ್ಡಿನೊಳಗೆ ಏಣಿ, ಡ್ರಿಲ್. ಪುಕ್ಕ ಮೊಳೆಯುವ ದಿನಗಳಲ್ಲಿ ಅವುಗಳ ಕಾರ್ಟಿಕೊಸ್ಟೆರೋನ್ ತಗ್ಗಿರಲೇಬೇಕು. ರಿಪೇರಿಯ ಗಲಾಟೆಯೇ ಅದನ್ನು ಏರಿಸಬಾರದು. ಅಕ್ಕ ಇದನ್ನು ನನಗಿಂತ ಕಟ್ಟುನಿಟ್ಟಾಗಿ ನೋಡಿಕೊಂಡರು.

ವೇಳಾಪಟ್ಟಿ ಮತ್ತು ಫಲ

ಪುಕ್ಕ ಉದುರುತ್ತಿದ್ದ ಗುಂಪಿಗೆ ಒಮ್ಮೆಗೇ ಹದಿನಾರು ಗಂಟೆ ಕೊಡಲಿಲ್ಲ. ಮೊದಲು ಸಹಜ ಹಗಲಿನಲ್ಲೇ ಬಿಟ್ಟು, ಹೊಸ ಪುಕ್ಕ ತುಂಬಿದ ಮೇಲೆ ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸಿದೆವು. ಕೊನೆಯ ನಿಲ್ದಾಣ ಬೆಳಗಿನ ಜಾವ 4:30ರಿಂದ ರಾತ್ರಿ 8:30. ದೀಪ ಉರಿಯುವುದು 4:30ರಿಂದ 7ರವರೆಗೆ, ಸಂಜೆ 5:30ರಿಂದ 8:30ರವರೆಗೆ. ನಮ್ಮಲ್ಲಿ ಸೂರ್ಯ ಹುಟ್ಟುವುದು ವರ್ಷವಿಡೀ ಏಳರೊಳಗೆ, ಮುಳುಗುವುದು ಐದೂವರೆಯ ನಂತರ. ಆದ್ದರಿಂದ ಯಾವ ತಿಂಗಳಲ್ಲೂ ನಡುವೆ ಕತ್ತಲಿನ ಕಂಡಿ ಬೀಳುವುದಿಲ್ಲ. ಹದಿನಾರು ದಾಟಿಸುವುದರಲ್ಲಿ ಲಾಭವಿಲ್ಲ, ಎಂಟು ಗಂಟೆಯ ನಿಜವಾದ ಇರುಳು ಹಕ್ಕಿಗೆ ಬೇಕು.

ಹಾರ್ಮೋನು ಅಳೆಯುವ ಸಾಧನ ನಮ್ಮ ಬಳಿ ಇಲ್ಲ, ಅದರ ಗುರುತುಗಳನ್ನು ಓದಬಹುದು. ಮೊದಲು ಬದಲಾದದ್ದು ಜುಟ್ಟು: ಹಿಗ್ಗಿ ಕೆಂಪಾಯಿತು. ಆಮೇಲೆ ಅಕ್ಕ ಹೇಂಟೆಗಳನ್ನು ಹಿಡಿದು ಬಾಲದ ಕೆಳಗಿನ ಎರಡು ಎಲುಬುಗಳ ನಡುವೆ ಬೆರಳಿಟ್ಟು ನೋಡಿದರು; ಒಂದು ಬೆರಳೂ ಹಿಡಿಸದಿದ್ದ ಜಾಗದಲ್ಲಿ ಎರಡು ಬೆರಳು ಹಿಡಿಸತೊಡಗಿತು. ನಂತರವೇ ಮೊಟ್ಟೆ ಏರಿದ್ದು. ಈಗ ಬಹುಪಾಲು ಮೊಟ್ಟೆ ಹನ್ನೊಂದರೊಳಗೆ ಪೆಟ್ಟಿಗೆಯಲ್ಲೇ ಸಿಗುತ್ತದೆ, ಬಿಳಿ ಪುಡಿಯವು ಅಪರೂಪ. ಪುಕ್ಕ ಬದಲಿಸಿದ ಕೋಳಿ ಹೇಗೂ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಫೀಡ್ ಕೂಡ ಬದಲಾಗಿತ್ತು. ಏರಿಕೆಯೆಲ್ಲ ದೀಪದ್ದೇ ಎಂದು ನಾನು ಹೇಳುವುದಿಲ್ಲ. ಮೊಟ್ಟೆಯ ಹೊತ್ತು ಒಂದೆಡೆ ಕೂಡಿಕೊಂಡದ್ದು ಮಾತ್ರ ಗಡಿಯಾರದ್ದೇ ಕೆಲಸ ಎಂದು ಧೈರ್ಯವಾಗಿ ಹೇಳುತ್ತೇನೆ.

ಉಳಿದಿರುವ ಕೆಲಸ ಮರಿಗಳದ್ದು. ಅಕ್ಕ ಹೊಸ ತಂಡದ ಮರಿ ತರಿಸುತ್ತಿದ್ದಾರೆ. ಬೆಳೆಯುವ ಮರಿಗೆ ಹಗಲನ್ನು ಹೆಚ್ಚಿಸಬಾರದು, ಮೊಟ್ಟೆಯಿಡುವ ಕೋಳಿಗೆ ಕಡಿಮೆ ಮಾಡಬಾರದು ಎಂಬುದು ಸಾಕಣೆಯ ಹಳೆಯ ನಿಯಮ. ಮೈ ತುಂಬುವ ಮೊದಲೇ ಎಲ್‌ಎಚ್ ಏರಿದರೆ ಸಣ್ಣ ಮೊಟ್ಟೆ, ಮೊಟ್ಟೆನಾಳ ಹೊರಬೀಳುವ ತೊಂದರೆ. ಒಂದೇ ಮಾಡಿನಡಿ ಎರಡು ವೇಳಾಪಟ್ಟಿ ಬೇಕಾಗಿರುವುದರಿಂದ ನ್ಯಾನೊದ ಹತ್ತನೆಯ ಪಿನ್ನಿಗೆ ಎರಡನೆಯ ಮಾಸ್ಫೆಟ್ ಬೆಸೆದಿದ್ದೇನೆ. ಹದಿನೆಂಟು ವಾರ ತುಂಬುವವರೆಗೆ ಆ ಸಾಲು ಆರಿಯೇ ಇರುತ್ತದೆ, ಅಲ್ಲಿಂದ ವಾರಕ್ಕೆ ಅರ್ಧ ಗಂಟೆಯಂತೆ ಏರುತ್ತದೆ. ದೊಡ್ಡ ಕೋಳಿಗಳ ಬೆಳಕು ಮರಿಗಳ ಕಡೆ ಸೋರದಂತೆ ನಡುವೆ ಮಾಡಿನವರೆಗೂ ತಗಡಿನ ಗೋಡೆ ಏಳಬೇಕು. ಅಳತೆ ತೆಗೆದುಕೊಂಡು ಭಾವ ತಗಡು ತರಲು ಹೋಗಿದ್ದಾರೆ.